ಪ್ಯಾನ್ಸಿಗೆ ಮುಖ ಬಂದದ್ದು, ಮುಖದಿಂದ ಕಷ್ಟ ಬಂದದ್ದು

ಭೂಮಿಗೆ ಬಳಿದ ಬಣ್ಣ ಇನ್ನೂ ಒಣಗಿರದ ಕಾಲ. ಎಲ್ಲಿ ಮುಟ್ಟಿದರೂ ಕೈಗೆ ಅಂಟುತ್ತಿತ್ತು. ಗಿಳಿಯ ಪಕ್ಕ ಕೂತೆದ್ದ ಮಿಡತೆ ಹಸಿರಾಗಿ ಮನೆಗೆ ಹೋಗುತ್ತಿತ್ತು. ಆಕಾಶಕ್ಕೆ ಒರಗಿಕೊಂಡ ಬೆಟ್ಟಗಳು ನೀಲಿಯಾಗುತ್ತಿದ್ದವು. ಯಾರೂ ದೂರು ಹೇಳುತ್ತಿರಲಿಲ್ಲ. ದೂರು ಹೇಳುವುದು ಇನ್ನೂ ರೂಢಿಗೆ ಬಂದಿರಲಿಲ್ಲ.

ಆಗ ಎಲ್ಲವೂ ಮಾತಾಡುತ್ತಿದ್ದವು. ಗಾಳಿ ಮಾತಾಡುತ್ತಿತ್ತು, ಗಿಡ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು. ಹೊಳೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತಿತ್ತು.

ಚಳಿಯ ಒಂದು ಬೆಟ್ಟದ ಮೇಲೆ ಗೇಣುದ್ದದ ಒಂದು ಗಿಡವಿತ್ತು. ಅದರ ಹೂವಿಗೆ ಐದು ಎಸಳು. ಮೇಲಿನ ಎರಡು ನೇರಳೆ, ಕೆಳಗಿನ ಮೂರು ಹಳದಿ. ಅದಕ್ಕೆ ಆಗ ಹೆಸರಿರಲಿಲ್ಲ. ಕಥೆಯಲ್ಲಿ ಏನಾದರೂ ಕರೆಯಲೇಬೇಕಲ್ಲ, ಈಗಿನ ಹೆಸರಿನಿಂದಲೇ ಪ್ಯಾನ್ಸಿ ಎನ್ನೋಣ. ಅದರ ಹೂವಿಗೆ ಆಗ ಮುಖವೂ ಇರಲಿಲ್ಲ. ಹೂವು ಹೂವಿನ ಹಾಗೇ ಇತ್ತು.

ಆ ಬೆಟ್ಟದಲ್ಲಿ ಗಿಡಗಳಿಗೆಲ್ಲ ಒಂದೇ ನಿಯಮ. ಹೂ ಬಿಡಬೇಕು, ಬೀಜ ಕಟ್ಟಬೇಕು. ಬೀಜ ಕಟ್ಟಿದ ಮೇಲೆ ಗಾಳಿ ಬರುತ್ತಿತ್ತು. ನಿನ್ನ ಕೆಲಸ ಮುಗಿಯಿತು ಎನ್ನುತ್ತಿತ್ತು. ಗಿಡ ಒಣಗಿ ಮಲಗುತ್ತಿತ್ತು. ಸಾಸಿವೆ ಹಾಗೆ ಹೋಯಿತು. ಹುಚ್ಚೆಳ್ಳು ಹಾಗೆ ಹೋಯಿತು. ಅವಕ್ಕೆ ಬೇಸರವೇನೂ ಇರಲಿಲ್ಲ. ಒಂದೇ ಕಡೆ ನಿಂತು ನಿಂತು ಕಾಲು ನೋಯುತ್ತಿತ್ತಂತೆ.

ಪ್ಯಾನ್ಸಿಗೆ ಮಾತ್ರ ಹೋಗಲು ಇಷ್ಟವಿರಲಿಲ್ಲ. ಬೆಳಗಿನ ಮಂಜು ಅದಕ್ಕೆ ಇಷ್ಟ. ಇರುವೆಗಳ ಸಾಲು ಇಷ್ಟ. ದಾರಿಯಲ್ಲಿ ಹೋಗುವವರ ಜಗಳ ಇನ್ನೂ ಇಷ್ಟ. ಹೂ ಬಿಟ್ಟು ಒಂದು ವಾರವಾಗಿತ್ತು, ಅಷ್ಟೆ. ಒಂದು ಜಗಳವನ್ನೂ ಪೂರ್ತಿ ಕೇಳಲು ಆಗಿರಲಿಲ್ಲ.

ಅದು ಗಾಳಿಯನ್ನು ಕೇಳಿತು, "ಬೀಜ ಕಟ್ಟದೇ ಹೋದರೆ?"

"ಕಟ್ಟದಿದ್ದರೆ ಕೆಲಸ ಮುಗಿದಿಲ್ಲ. ಮುಗಿಯದವರನ್ನು ನಾನು ಮಲಗಿಸುವುದಿಲ್ಲ" ಎಂದಿತು ಗಾಳಿ. "ಆದರೆ ಹೂವು ಗಿಡದಲ್ಲೇ ಇದ್ದರೆ ಬೀಜ ಕಟ್ಟಿಯೇ ಕಟ್ಟುತ್ತದೆ. ಯಾರಾದರೂ ಕಿತ್ತುಕೊಂಡು ಹೋಗಬೇಕು. ನಿನ್ನನ್ನು ಯಾರು ಕೀಳುತ್ತಾರೆ?"

ಗಾಳಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ಹೂ ಕಟ್ಟುವವರು ಬಂದರು, ತೊಟ್ಟು ನೋಡಿದರು, ದಾರಕ್ಕೆ ನಿಲ್ಲುವುದಿಲ್ಲ ಎಂದು ಮಲ್ಲಿಗೆಯ ಕಡೆಗೆ ಹೋದರು. ಮುಡಿಯುವವರು ಬಂದರು, ಮೂಸಿ ನೋಡಿದರು, ಇಷ್ಟೇನಾ ಎಂದು ಸಂಪಿಗೆಯ ಕಡೆಗೆ ಹೋದರು. ಪೂಜೆಗೆ ಕೊಯ್ಯುವವರು ಬಗ್ಗಲೂ ಇಲ್ಲ. ಅವರಿಗೆ ಸೊಂಟ ನೋವು, ದಾಸವಾಳ ಕೈಗೇ ಸಿಗುತ್ತಿತ್ತು. ಒಂದು ಆಡು ಮಾತ್ರ ತುಂಬು ಮನಸ್ಸಿನಿಂದ ಬಂತು. ಅದು ಪಕ್ಕದ ಗಿಡವನ್ನು ಬೇರುಸಮೇತ ತಿಂದದ್ದು ನೋಡಿ ಪ್ಯಾನ್ಸಿ ಉಸಿರು ಬಿಗಿಹಿಡಿದು, ಕಲ್ಲಿನ ಹಾಗೆ ಕೂತಿತು. ಆಡು ಕಲ್ಲನ್ನೂ ಒಮ್ಮೆ ನೆಕ್ಕಿ ನೋಡಿ ಹೋಯಿತು.

ಆಮೇಲೆ ಮಲ್ಲಾಜಮ್ಮ ಬಂದಳು.

ಮಲ್ಲಾಜಮ್ಮನ ಮನೆ ಆ ದಾರಿಯ ಪಕ್ಕದಲ್ಲೇ. ಹೂವನ್ನು ಕಂಡದ್ದೇ ತಡ, ಮಣ್ಣುಸಮೇತ ಬಗೆದು ತಂದು ತನ್ನ ಅಡುಗೆಮನೆಯ ಬಾಗಿಲ ಬಳಿ ನೆಟ್ಟಳು. ನೀರು ಹಾಕಿದಳು, ಸಗಣಿ ಗೊಬ್ಬರ ಹಾಕಿದಳು. ಗಿಡ ಹಿಗ್ಗಿತು. ಹನ್ನೆರಡು ಹೂ ಬಿಟ್ಟಿತು. ತನಗೊಂದು ಹೂ ಕೀಳುವ ಕೈ ಸಿಕ್ಕಿತು ಎಂದುಕೊಂಡಿತು.

ಕೀಳಮ್ಮ ಎಂದು ಕೇಳಿಯೂ ಕೇಳಿತು. ಕಿತ್ತರೆ ನಾನು ಉಳಿಯುತ್ತೇನೆ, ಬಿಟ್ಟರೆ ಬೀಜ ಕಟ್ಟಿ ಹೋಗುತ್ತೇನೆ ಎಂದು ಬಿಡಿಸಿ ಹೇಳಿತು. ಮಲ್ಲಾಜಮ್ಮ ತಲೆಯಾಡಿಸಿದಳು. ನಾಳೆ ಕೀಳುತ್ತೇನೆ ಎಂದಳು. ಒಳ್ಳೆಯ ಹೆಂಗಸು. ಕಷ್ಟ ಶುರುವಾದದ್ದೇ ಅಲ್ಲಿಂದ.

ಆ ಸಂಜೆ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, ಎಷ್ಟು ಚೆನ್ನಾಗಿದೆ ನಿಮ್ಮ ಹೂವು ಎಂದುಬಿಟ್ಟರು. ಮಲ್ಲಾಜಮ್ಮ ಕೇಳಿಸಿಕೊಂಡಳು. ಇನ್ನೇನು, ದೃಷ್ಟಿ ತಾಗುವುದು ಗ್ಯಾರಂಟಿ. ಒಳಗೆ ಓಡಿಹೋಗಿ ಬೆರಳಿಗೆ ಕಾಡಿಗೆ ಹಚ್ಚಿಕೊಂಡು ಬಂದಳು. ಮಗುವಿನ ಕೆನ್ನೆಗೆ ಇಡುವಂತೆ ಹೂವಿನ ಎಸಳಿಗೆ ಒಂದು ದೃಷ್ಟಿಬೊಟ್ಟು ಇಟ್ಟಳು.

ಎಸಳಿನ ಬಣ್ಣ ಇನ್ನೂ ಹಸಿ. ಬೊಟ್ಟು ಹರಡಿತು.

ಒಂದೇ ಕಡೆ ಕಪ್ಪಾಗಿ ಸೊಟ್ಟಗೆ ಕಂಡಿತೆಂದು ಇನ್ನೊಂದು ಎಸಳಿಗೂ ಇಟ್ಟಳು. ಅದೂ ಹರಡಿತು. ಕೆಳಗೊಂದು ಇಟ್ಟರೆ ಸರಿಹೋಗಬಹುದು ಎನ್ನಿಸಿತು. ಇಟ್ಟಳು. ಸರಿಹೋಗಲಿಲ್ಲ. ಸೆರಗಿನ ತುದಿಯಿಂದ ಒರೆಸಲು ಹೋದಳು, ಕಾಡಿಗೆ ಎಳೆಎಳೆಯಾಗಿ ಮೀಸೆಯ ಹಾಗೆ ಎಳೆದುಕೊಂಡಿತು. ಒಂದು ಹೂವಿಗೆ ಹೀಗಾದ ಮೇಲೆ ಉಳಿದ ಹನ್ನೊಂದನ್ನು ಬಿಟ್ಟರೆ ಅವು ಬೇಸರಪಡುತ್ತವೆ ಎಂದು ಎಲ್ಲಕ್ಕೂ ಹಾಗೆಯೇ ಮಾಡಿದಳು. ಕತ್ತಲಾಗುವ ಹೊತ್ತಿಗೆ ಕೆಲಸ ಮುಗಿಯಿತು. ಭೂಮಿಯ ಬಣ್ಣವೆಲ್ಲ ಒಣಗಿದ್ದೂ ಅದೇ ಸಂಜೆ. ಇನ್ನು ಅಳಿಸುವ ಹಾಗಿರಲಿಲ್ಲ.

ಬೆಳಿಗ್ಗೆ ಬಾಗಿಲು ತೆರೆದರೆ ಹನ್ನೆರಡು ಮುಖಗಳು ಮಲ್ಲಾಜಮ್ಮನನ್ನೇ ನೋಡುತ್ತಿದ್ದವು.

ಕೀಳಲು ಚಾಚಿದ ಕೈ ಅಲ್ಲೇ ನಿಂತಿತು. ಹೂವನ್ನು ಕೀಳಬಹುದು. ಮುಖವನ್ನು ಕೀಳುವುದು ಹೇಗೆ? ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಚಳಿ ಆಯಿತಾ ಎಂದು ಅವುಗಳನ್ನು ವಿಚಾರಿಸಿ ಒಳಗೆ ಹೋದಳು.

ಊರಿಗೆಲ್ಲ ಸುದ್ದಿಯಾಯಿತು. ಜನ ನೋಡಲು ಬಂದರು. ಬಂದವರು ಚಪ್ಪಲಿ ದೂರ ಬಿಟ್ಟು ನಿಂತರು. ಊಟ ಆಯಿತಾ ಎಂದು ಹೂವನ್ನು ಕೇಳಿದರು. ಒಬ್ಬರು ತಮ್ಮ ಮಗಳಿಗೆ ನೋಡಿದ್ದ ಗಂಡಿನ ವಿಷಯ ಹೇಳಿ ಅಭಿಪ್ರಾಯ ಕೇಳಿದರು. ಇನ್ನೊಬ್ಬರು, ಎಡಗಡೆಯದು ನಮ್ಮ ಸೋದರಮಾವನ ಹಾಗೇ ಇದೆ ಎಂದು ಕಣ್ಣೊರೆಸಿಕೊಂಡರು. ಪ್ಯಾನ್ಸಿ ಪ್ರತಿಯೊಬ್ಬರಿಗೂ ಹೇಳಿತು, ನನ್ನನ್ನು ಕೀಳಿ. ಎಷ್ಟು ವಿನಯ ನೋಡಿ ಎಂದು ಅವರು ತಲೆದೂಗಿದರು.

ಯಾರೂ ಕೀಳಲಿಲ್ಲ.

ಮೊದಲ ಹೂವು ಮುದುಡಿತು. ಅದರ ಜಾಗದಲ್ಲಿ ಹಸಿರು ಕಾಯಿ ಕಟ್ಟಿತು. ಎರಡನೆಯದು ಮುದುಡಿತು, ಕಾಯಿ ಕಟ್ಟಿತು. ದಿನಕ್ಕೊಂದು, ದಿನಕ್ಕೆರಡು. ಹೊಸ ಮೊಗ್ಗು ಬರುವುದು ನಿಂತುಹೋಯಿತು. ಗಿಡ ತನ್ನ ಶಕ್ತಿಯನ್ನೆಲ್ಲ ಬೀಜಕ್ಕೆ ಕೊಡುತ್ತಿತ್ತು. ಬೇಡವೆಂದರೂ ಹಾಗೇ ಆಗುತ್ತಿತ್ತು. ಬುಡದ ಎಲೆಗಳು ಹಳದಿಯಾದವು.

ಕೊನೆಗೆ ಹನ್ನೊಂದು ಕಾಯಿ, ಒಂದೇ ಒಂದು ಹೂವು ಉಳಿದವು. ಗಾಳಿ ಬೇಲಿಯ ಆಚೆಯಿಂದ ಇಣುಕಿ, ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ ಹೋಯಿತು. ಅದಕ್ಕೂ ಸ್ವಲ್ಪ ಸಂಕೋಚವಿತ್ತು.

"ಮಲ್ಲಾಜಮ್ಮ, ನಿನ್ನ ಮರ್ಯಾದೆಯಿಂದ ನನಗೆ ಬೀಜ ಕಟ್ಟುತ್ತಿದೆ" ಎಂದಿತು ಪ್ಯಾನ್ಸಿ.

ಮಲ್ಲಾಜಮ್ಮ ಅತ್ತಳು. ಇನ್ನಷ್ಟು ನೀರು ಹಾಕಿದಳು.

ಆ ಮಧ್ಯಾಹ್ನವೇ ಅವಳ ನಾದಿನಿ ಚಿಕ್ಕತಾಯಿ ತವರಿಗೆ ಬಂದಳು. ಆ ಸೀಮೆಯ ಮದುವೆ, ನಾಮಕರಣಗಳಿಗೆಲ್ಲ ಅವಳದೇ ಅಡುಗೆ. ಅವಳ ಅಡುಗೆ ಎಲ್ಲರಿಗೂ ಮೆಚ್ಚಿಗೆ, ಅವಳಿಗೆ ಮಾತ್ರ ಯಾವುದೂ ಮೆಚ್ಚಿಗೆಯಿಲ್ಲ. ಕಾಮನಬಿಲ್ಲು ಮೊದಲ ಸಲ ಮೂಡಿದ ದಿನ ಊರೆಲ್ಲ ಕುಣಿಯುತ್ತಿದ್ದಾಗ, ಒಂದೆರಡು ಬಣ್ಣ ಕಡಿಮೆ ಮಾಡಬಹುದಿತ್ತು ಎಂದವಳು.

ಮಲ್ಲಾಜಮ್ಮ ಬಾಳೆಲೆ ಹಾಸಿ ಮೊಸರನ್ನ ಬಡಿಸಿದಳು. ಬಡಿಸುತ್ತಲೇ ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಮತ್ತೆ ಅತ್ತಳು. ಚಿಕ್ಕತಾಯಿ ಮೊಸರನ್ನದ ಎಲೆ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು ಗಿಡವನ್ನು ನೋಡಿದಳು. ಉಳಿದಿದ್ದ ಒಂದು ಹೂವು ಅವಳನ್ನು ನೋಡಿತು.

"ಏನು ಬೇಕು ನಿನಗೆ?" ಎಂದಳು ಹೂವಿಗೆ.

"ಕೀಳು" ಎಂದಿತು ಪ್ಯಾನ್ಸಿ.

ಚಿಕ್ಕತಾಯಿ ಅತ್ತಿಗೆಯ ಕಡೆ ತಿರುಗಿದಳು. "ಅದು ಬಾಯಿಬಿಟ್ಟು ಹೇಳ್ತಿದೆ, ಅತ್ತಿಗೆ. ನೀನು ಅದರ ಮಾತು ಬಿಟ್ಟು ಮುಖ ನೋಡ್ಕೊಂಡು ಕೂತಿದ್ದೀಯ."

"ಅದು ನನ್ನನ್ನೇ ನೋಡ್ತದಲ್ಲೇ, ತಾಯಿ."

"ನೋಡಲಿ. ನಾನೂ ನೋಡ್ತೀನಿ."

ಅಷ್ಟು ಹೇಳಿ ಉಗುರಿನಿಂದ ತೊಟ್ಟು ಚಿವುಟಿದಳು. ಹೂವನ್ನು ಮೊಸರನ್ನದ ಮೇಲಿಟ್ಟಳು. ಬೆಳ್ಳಗಿನ ಅನ್ನದ ನಡುವಿನಿಂದ ಪುಟ್ಟ ಮುಖವೊಂದು ಮೀಸೆ ಬಿಟ್ಟುಕೊಂಡು ಮೇಲೆ ನೋಡುತ್ತಿತ್ತು. ಆ ಬೆಟ್ಟದಲ್ಲಿ ಅಲ್ಲಿಯವರೆಗೆ ಮೊಸರನ್ನ ಯಾರನ್ನೂ ತಿರುಗಿ ನೋಡಿರಲಿಲ್ಲ. ಚಿಕ್ಕತಾಯಿಯ ತುಟಿಯ ಒಂದು ಕೊನೆ ಸ್ವಲ್ಪ ಮೇಲಕ್ಕೆ ಹೋಯಿತು. ಅವಳನ್ನು ಬಲ್ಲವರು ಅದನ್ನು ನಗು ಎನ್ನುತ್ತಾರೆ.

ಮಲ್ಲಾಜಮ್ಮ ಕಣ್ಣು ಮುಚ್ಚಿಕೊಂಡಳು. ಚಿಕ್ಕತಾಯಿ ಅನ್ನದ ಜೊತೆ ಹೂವನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಹೊಳೆ ಕೂಡ ಮಾತು ನಿಲ್ಲಿಸಿ ಕಾದಿತ್ತು.

"ಹುಲ್ಲಿಗಿಂತ ಮೇಲು, ಕೊತ್ತಂಬರಿಗಿಂತ ಕೆಳಗೆ" ಎಂದಳು. "ಆದರೆ ಊಟಕ್ಕೆ ಲಕ್ಷಣ ಬಂತು."

ಅವಳ ಬಾಯಿಂದ ಇಷ್ಟು ಹೊಗಳಿಕೆ ಅದೇ ಮೊದಲು. ಕೈ ತೊಳೆದು ಬಂದವಳು, ಹುರುಳಿಕಾಯಿ ಬಿಡಿಸುವ ಹಾಗೆ ಪಟಪಟನೆ ಆ ಹನ್ನೊಂದು ಕಾಯಿಗಳನ್ನೂ ಚಿವುಟಿ ಹಾಕಿದಳು. ಹಳದಿ ಎಲೆ ತೆಗೆದಳು. ಬುಡದ ಮಣ್ಣು ಸಡಿಲಿಸಿದಳು. ನೀರು ಸಾಕು, ಗಿಡ ಕೊಳೆಯುತ್ತದೆ ಎಂದು ಅತ್ತಿಗೆಯ ಚೆಂಬು ಕಿತ್ತುಕೊಂಡಳು.

ಬೆಳಿಗ್ಗೆ ಗಾಳಿ ಬಂತು. ಗಿಡವನ್ನು ಸುತ್ತಿ ಹುಡುಕಿತು. ಒಂದು ಕಾಯಿಯೂ ಸಿಗಲಿಲ್ಲ. ಎಲೆಯ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಮೊಗ್ಗುಗಳು ಎರಡು ಸಿಕ್ಕವು.

"ಕೆಲಸ ಮುಗಿದಿಲ್ಲವೇ?" ಎಂದು ಗಾಳಿ ಕೇಳಿತು.

"ಇನ್ನೂ ಶುರುವೇ ಆಗಿಲ್ಲ" ಎಂದಿತು ಪ್ಯಾನ್ಸಿ.

ಗಾಳಿ ನಕ್ಕಿತು. ನಕ್ಕ ರಭಸಕ್ಕೆ ಬೇಲಿಯ ಮೇಲೆ ಒಣಗಲು ಹಾಕಿದ್ದ ಬಟ್ಟೆಗಳೆಲ್ಲ ಪಕ್ಕದ ಮನೆಗೆ ಹೋದವು. ಅದರ ಮೇಲೊಂದು ಜಗಳವಾಯಿತು. ಪ್ಯಾನ್ಸಿ ಮೊದಲಿನಿಂದ ಕೊನೆಯವರೆಗೆ ಕೇಳಿತು.

ಆ ಎರಡು ಮೊಗ್ಗು ಅರಳಿದವು, ಮುಖ ಸಮೇತ. ಮಲ್ಲಾಜಮ್ಮ ಮೊದಲನೆಯದನ್ನು ಕಣ್ಣು ಮುಚ್ಚಿ ಕಿತ್ತಳು. ಎರಡನೆಯದನ್ನು ಒಂದೇ ಕಣ್ಣು ಮುಚ್ಚಿ ಕಿತ್ತಳು. ನಾಲ್ಕು ಬಂದವು. ಅವನ್ನು ಎರಡೂ ಕಣ್ಣು ತೆರೆದು, ಹರಟೆ ಹೊಡೆಯುತ್ತಲೇ ಕಿತ್ತಳು. ಎಂಟು ಬಂದವು. ಕೋಸಂಬರಿಯ ಮೇಲೆ ಹೂವು, ಪಾಯಸದ ಮೇಲೆ ಹೂವು, ಪಾನಕದ ಲೋಟದಲ್ಲಿ ತೇಲುವ ಹೂವು. ಮೊಸರನ್ನ ಎಂದರೆ ಓಡಿಹೋಗುತ್ತಿದ್ದ ಮಕ್ಕಳು, ನನಗೆ ಮೀಸೆ ದೊಡ್ಡದಾಗಿರುವ ಮುಖವೇ ಬೇಕು ಎಂದು ಎಲೆಯ ಮುಂದೆ ಬಂದು ಕೂತರು.

ಚಳಿಗಾಲ ಮುಗಿಯುವುದರೊಳಗೆ ಮಲ್ಲಾಜಮ್ಮ ಅದರ ಕಡ್ಡಿಗಳನ್ನು ಊರಿ ಇಡೀ ಹಿತ್ತಿಲಿಗೆ ಪ್ಯಾನ್ಸಿ ಹಾಕಿದಳು. ಒತ್ತೊತ್ತಾಗಿ ಹಾಕಿದಳು, ಜಾಗ ಕಡಿಮೆ. ಹಿಂದಿನ ಸಾಲಿನ ಹೂವುಗಳಿಗೆ ಅಡುಗೆಮನೆಯಲ್ಲಿ ಏನು ನಡೆಯುತ್ತಿದೆ ಎಂದು ಕಾಣಲಿಲ್ಲ. ಅವು ಕತ್ತು ಉದ್ದ ಮಾಡಿದವು. ಮುಂದಿನವು ಅಡ್ಡ ಬಂದಷ್ಟೂ ಇನ್ನಷ್ಟು ಉದ್ದ ಮಾಡಿದವು. ಹೀಗೆ ಗೇಣುದ್ದದ ತೊಟ್ಟು ಬಂತು. ಚಿಕ್ಕತಾಯಿ ಅವನ್ನು ಬುಡದಿಂದ ಕತ್ತರಿಸಿ, ಹಿತ್ತಾಳೆ ಚೆಂಬಿಗೆ ನೀರು ಹಾಕಿ, ನಡುಮನೆಯಲ್ಲಿ ಇಟ್ಟಳು. ಅಲ್ಲಿ ಅವು ಐದಾರು ದಿನ ನಿಂತು ಬಂದವರನ್ನೆಲ್ಲ ನೋಡಿದವು. ಪರವಾಗಿಲ್ಲ ಎಂದಳು ಚಿಕ್ಕತಾಯಿ. ಊರಿನವರು ಅದನ್ನು ಹಬ್ಬದ ಹಾಗೆ ಆಚರಿಸಿದರು.

ಬೇಸಿಗೆ ಬಂದಾಗ ಪ್ಯಾನ್ಸಿ ತಾನಾಗಿಯೇ ಗಾಳಿಯನ್ನು ಕರೆಯಿತು. ಸೆಕೆ ಅದಕ್ಕೆ ಆಗುವುದಿಲ್ಲ. ಕೊನೆಯ ನಾಲ್ಕು ಹೂವು ಬಿಡು ಎಂದು ಮಲ್ಲಾಜಮ್ಮನಿಗೆ ಹೇಳಿ, ಅವುಗಳಲ್ಲಿ ಬೀಜ ಕಟ್ಟಿತು. ಕಾಯಿ ಮೂರು ಹೋಳಾಗಿ ಒಡೆದು ಬೀಜಗಳನ್ನು ಚಿಟಿಚಿಟಿ ಎಂದು ಹಿತ್ತಿಲಿಗೆಲ್ಲ ಹಾರಿಸಿತು. ಈ ಸಲ ಮಲಗಲು ಅದರ ತಕರಾರಿರಲಿಲ್ಲ. ಕೇಳಬೇಕಾದ ಜಗಳಗಳನ್ನೆಲ್ಲ ಕೇಳಿಯಾಗಿತ್ತು.

ಇದೆಲ್ಲ ಹೀಗೇ ನಡೆಯಿತೆಂದು ನಂಬಲೇಬೇಕೆಂದಿಲ್ಲ. ಗಿಡವನ್ನೇ ಕೇಳಿ ನೋಡಬಹುದು. ಒಂದು ಎಚ್ಚರಿಕೆ: ಅಂಗಡಿಯಿಂದ ತಂದ ಕುಂಡದ ಹೂವನ್ನು ಬಾಯಿಗೆ ಹಾಕಿಕೊಳ್ಳಬೇಡ, ಅದಕ್ಕೆ ಯಾವ ಔಷಧಿ ಹೊಡೆದಿರುತ್ತಾರೋ ಗೊತ್ತಿಲ್ಲ. ತಿನ್ನುವುದಾದರೆ ಮನೆಯಲ್ಲೇ ಬೀಜ ಹಾಕಿ ಬೆಳೆಸಿಕೋ. ಚಳಿ ಶುರುವಾಗುವಾಗ ಹಾಕು, ನೀರು ಮಿತವಾಗಿ ಕೊಡು.

ಆಮೇಲೆ ಒಂದು ಬೆಳಿಗ್ಗೆ ಕಾಡಿಗೆ ಬಳಿದುಕೊಂಡ ಪುಟ್ಟ ಮುಖವೊಂದು ಕುಂಡದಿಂದ ನಿನ್ನನ್ನೇ ನೋಡುತ್ತಿದ್ದರೆ, ಪಾಪ ಎಂದು ಬಿಟ್ಟು ಬರಬೇಡ, ಕಿತ್ತುಕೋ. ನಾಲ್ಕು ದಿನ ಕಳೆಯುವುದರೊಳಗೆ ಅದೇ ಜಾಗದಿಂದ ಇನ್ನೆರಡು ಮುಖಗಳು ಮೇಲೆದ್ದು, ಇವತ್ತು ಮನೆಯಲ್ಲಿ ಏನು ಅಡುಗೆ ಎಂದು ಇಣುಕುತ್ತಿರುತ್ತವೆ.