ಟ್ಯಾಬ್ ಕೊಟ್ಟ ಸೊನ್ನೆ

ಮಕ್ಕಳ ಬುದ್ಧಿಯ ಬೆಳವಣಿಗೆ ಪರೀಕ್ಷಿಸುವ ಕೋಣೆಯಲ್ಲಿ ಒಂದು ಪೆನ್ಸಿಲ್ಲೂ ಒಂದು ಟ್ಯಾಬೂ ಇದ್ದವು. ಮಾತು ಬಾರದ ಆರು ವರ್ಷದ ತನುಜಾಳಿಗೆ ಪರೀಕ್ಷೆ ನಡೆಸುವ ಮೇಡಂ ಟ್ಯಾಬಿನಲ್ಲಿ ಆಟ ಹಾಕಿಕೊಟ್ಟು, ತಾಯಿಯೊಡನೆ ಮಾತಾಡಲು ಹೊರಗೆ ಹೋದರು. ಕಪ್ಪೆ ಕಂಡೊಡನೆ ಮುಟ್ಟಬೇಕು. ತಪ್ಪಿದರೆ ಟ್ಯಾಬ್ ಕಿರುಚುತ್ತಿತ್ತು. ಮೊದಲ ಸಲ ಕಿರುಚಿದ್ದಕ್ಕೇ ಮಗು ಕಿವಿ ಮುಚ್ಚಿಕೊಂಡು ಮೇಜಿನಡಿ ಸೇರಿತು. ಇಪ್ಪತ್ತು ಕಪ್ಪೆ ಬಂದವು, ಹೋದವು.

"ಸೊನ್ನೆ. ಗಮನವಿಲ್ಲ, ಬುದ್ಧಿಯೂ ಇಲ್ಲ," ಎಂದಿತು ಟ್ಯಾಬ್. "ವರದಿ ಕಳಿಸಿಯಾಯಿತು."

"ತಾಳಯ್ಯ, ಮಗು ಹೆದರಿದೆ," ಎಂದಿತು ಪೆನ್ಸಿಲ್.

"ಹೆದರಿಕೆ ಅಳೆಯುವುದು ನನ್ನ ಕೆಲಸವಲ್ಲ."

ಅಷ್ಟರಲ್ಲಿ ಮೇಜಿನಡಿಯಿಂದ ಪುಟ್ಟ ಕೈಯೊಂದು ಮೇಲೆ ಬಂತು. ಟ್ಯಾಬಿನ ಅಂಚು ತಡವಿ, ಸದ್ದು ಇಳಿಸುವ ಬಟನ್ ಹುಡುಕಿ, ಕೊನೆಯವರೆಗೂ ಒತ್ತಿತು. ಆಮೇಲೆ ತನುಜಾ ಎದ್ದು ಕೂತು ತಾನೇ ಆಟ ಶುರು ಮಾಡಿದಳು. ಇಪ್ಪತ್ತಕ್ಕೆ ಇಪ್ಪತ್ತೂ ಕಪ್ಪೆ ಹಿಡಿದಳು.

ಟ್ಯಾಬ್ ಗಾಬರಿಯಿಂದ ಕೇಳಿತು, "ಕಳಿಸಿದ್ದನ್ನು ವಾಪಸು ತರುವುದು ಹೇಗೆ?"

"ನನ್ನ ತಲೆಗೆ ರಬ್ಬರಾದರೂ ಇದೆ," ಎಂದಿತು ಪೆನ್ಸಿಲ್. "ನಿನ್ನೆ ಎಷ್ಟು ಮಕ್ಕಳು ಮೇಜಿನಡಿ ಸೇರಿದ್ದರು?"

ಟ್ಯಾಬ್ ನಿನ್ನೆಯ ವರದಿಗಳನ್ನು ತೆರೆದು ಸೊನ್ನೆಗಳನ್ನು ಎಣಿಸತೊಡಗಿತು.

ಮೇಡಂ ಬಂದರು. ಸದ್ದನ್ನು ಮೊದಲಿನಷ್ಟಕ್ಕೇ ಏರಿಸಿ, ಮುಂದಿನ ಮಗುವನ್ನು ಒಳಗೆ ಕರೆದರು.