ಟಿವಿ ತಗ್ಗಿಸಿದ ದನಿ

ಕಿವಿ ಮಂದವಾದ ನಾಗವೇಣಮ್ಮನವರಿಗಾಗಿ ತಂಗಿ ಸರ್ವಮಂಗಳ ಒಂದು ಸ್ಪೀಕರ್ ತಂದು ಟಿವಿಯ ಬೆನ್ನಿಗೆ ವೈರು ಸಿಕ್ಕಿಸಿದಳು. ಅಂದಿನಿಂದ ಟಿವಿಯ ಬಾಯಿ ಮುಚ್ಚಿತು. ಅದರ ದನಿಯೆಲ್ಲ ಸ್ಪೀಕರಿನಿಂದಲೇ ಹೊರಡತೊಡಗಿತು. ಇನ್ನು ರಿಮೋಟಿನಲ್ಲಿ ವಾಲ್ಯೂಮ್ ಒತ್ತುವ ಕೆಲಸವಿಲ್ಲ, ಸ್ಪೀಕರಿನ ತಿರುಗಣೆಯೇ ಸಾಕು ಎಂದುಕೊಂಡಳು ಸರ್ವಮಂಗಳ.

ತೀರಿಹೋದ ಗಂಡ ಮಗಳ ಮದುವೆಯಲ್ಲಿ ಹಾಡಿದ್ದ ವಿಡಿಯೋವನ್ನು ನಾಗವೇಣಮ್ಮ ಅಂದು ಸಂಜೆ ಹಾಕಿಸಿಕೊಂಡು ಕೇಳಿದರು. "ಈ ಸ್ಪೀಕರ್ ಪುಣ್ಯದಿಂದ ಅವರ ದನಿ ಮತ್ತೆ ಕಿವಿಗೆ ಬಿತ್ತು ಕಣೇ" ಎಂದು ಕಣ್ಣೊರೆಸಿಕೊಂಡರು.

ಟಿವಿಗೆ ಅದು ಚುಚ್ಚಿತು. ಹಾಡನ್ನು ಹೊತ್ತು ತರುವುದು ತಾನು, ಹೆಸರು ಮಾತ್ರ ಆ ಡಬ್ಬಿಗೆ. ಮರುಸಂಜೆ ಅದೇ ವಿಡಿಯೋ ಹಾಕಿದಾಗ ಅದು ತನ್ನ ವಾಲ್ಯೂಮನ್ನು ಎರಡಕ್ಕೆ ಇಳಿಸಿಕೊಂಡಿತು.

"ಅಣ್ಣಾ, ನೀನು ಕೊಟ್ಟದ್ದನ್ನಷ್ಟೇ ನಾನು ದೊಡ್ಡದು ಮಾಡಬಲ್ಲೆ. ದಯವಿಟ್ಟು ದನಿ ಬಿಡು" ಎಂದು ಸ್ಪೀಕರ್ ಬೇಡಿತು.

"ಹೆಸರು ಪಡೆದವನು ನೀನು. ನೀನೇ ಹಾಡು" ಎಂದಿತು ಟಿವಿ.

ಸರ್ವಮಂಗಳ ತಿರುಗಣೆಯನ್ನು ಕೊನೆಯವರೆಗೂ ತಿರುಗಿಸಿದಳು. ಗುಂಯ್ ಎನ್ನುವ ಸದ್ದಿನ ಅಡಿಯಲ್ಲೆಲ್ಲೋ ಹಾಡು ಸಿಕ್ಕಿಕೊಂಡಿತ್ತು.

"ನನಗೆ ಸಣ್ಣಗೆ ಕೇಳಿಸ್ತಿದೆಯಲ್ಲ ಅಕ್ಕ" ಎಂದು ಅಕ್ಕನ ಕಿವಿಯ ಬಳಿ ಬಾಗಿ ಕೂಗಿದಳು.

ನಾಗವೇಣಮ್ಮ ಪರದೆಯ ಮೇಲೆ ಆಡುತ್ತಿದ್ದ ಗಂಡನ ತುಟಿಗಳನ್ನೇ ನೋಡಿದರು. "ಹಾಗಾದರೆ ನನ್ನ ಕಿವಿ ಪೂರ್ತಿ ಹೋಯಿತು. ಆರಿಸಿಬಿಡು."

ಟಿವಿ ಗಾಬರಿಯಿಂದ ದನಿ ಏರಿಸಹೊರಟಿತು. ಅಷ್ಟರಲ್ಲಿ ಸರ್ವಮಂಗಳ ಸ್ವಿಚ್ ಆರಿಸಿದ್ದಳು.

ಮರುದಿನದಿಂದ ನಾಗವೇಣಮ್ಮ ತಮ್ಮ ಕುರ್ಚಿಯನ್ನು ಟಿವಿಗೆ ಬೆನ್ನು ಮಾಡಿ ಹಾಕಿಕೊಂಡರು.