ದ್ಯಾವಮ್ಮನ ಎಮ್ಮೆ ಕೇಳಿದ್ದು

ಒಂದು ಊರು. ಯಾವ ಊರು ಅಂತ ಕೇಳಬೇಡಿ, ಕಥೆ ಹೇಳಿದವರಿಗೂ ಗೊತ್ತಿರಲಿಲ್ಲವಂತೆ. ಆ ಊರಲ್ಲಿ ದ್ಯಾವಮ್ಮ ಅಂತ ಒಬ್ಬಳು, ಅವಳ ಗಂಡ ಮಾದಯ್ಯ, ಅವರಿಗೊಂದು ಎಮ್ಮೆ. ಎಮ್ಮೆಯ ಹೆಸರು ಚೆನ್ನಿ. ಹೊಲ ಇಲ್ಲ, ಗದ್ದೆ ಇಲ್ಲ. ಚೆನ್ನಿಯ ಹಾಲಿನಿಂದಲೇ ಅವರ ಒಲೆ ಉರಿಯಬೇಕು.

ಚೆನ್ನಿಗೆ ಮಾತು ಬರುತ್ತಿತ್ತಂತೆ. ಅದೇನೂ ದೊಡ್ಡ ವಿಷಯವಲ್ಲ, ಆಗಿನ ಕಾಲದಲ್ಲಿ ಬಹಳ ಎಮ್ಮೆಗಳಿಗೆ ಬರುತ್ತಿತ್ತು. ತೊಂದರೆ ಏನೆಂದರೆ, ದಿನಾ ಬೆಳಿಗ್ಗೆ ದ್ಯಾವಮ್ಮ ಚೊಂಬು ಹಿಡಿದು ಕೂತ ಕೂಡಲೇ ಅದು ಒಂದು ಪ್ರಶ್ನೆ ಕೇಳುತ್ತಿತ್ತು. ನಿಜ ಹೇಳಿದರೆ ಹಾಲು. ಸುಳ್ಳು ಹೇಳಿದರೆ ಒದೆ.

“ದ್ಯಾವಕ್ಕಾ, ನಿನ್ನ ನಾದಿನಿ ಹೊರಟಾಗ ಇನ್ನೆರಡು ದಿನ ಇರು ಅಂತ ಅವಳ ಗಂಟು ಕಿತ್ಕೊಂಡೆ. ಅವಳು ಹೋದಮೇಲೆ ಇಲ್ಲಿ ಬಂದು ‘ಸದ್ಯ’ ಅಂದೆ. ಯಾಕೆ?”

“ಪ್ರೀತಿ ಕಣೆ.”

ಒದೆ.

“ಇರು ಅನ್ನದಿದ್ರೆ ಊರೆಲ್ಲ ಹೇಳ್ಕೊಂಡು ಬರ್ತಾಳೆ.”

ಹಾಲು.

ಇನ್ನೊಂದು ದಿನ ಕೇಳಿತಂತೆ: “ಮಾದಣ್ಣಂಗೆ ಜ್ವರ ಬಂದಾಗ ಗಂಜಿ ಕುಡಿಸ್ತಾ ಕುಡಿಸ್ತಾನೇ ಬಾಯಿಗೆ ಬಂದ ಹಾಗೆ ಬೈದೆ. ಯಾಕೆ?”

ದ್ಯಾವಮ್ಮ ಚೊಂಬು ಕೆಳಗಿಟ್ಟಳು. “ಹೋಗ್ಬಿಡ್ತಾನೇನೋ ಅಂತ ಹೆದರಿಕೆ ಆಗಿತ್ತು. ಅದನ್ನ ಅವನ ಮುಂದೆ ಹೆಂಗೆ ಹೇಳಲಿ? ಬೈಯೋದಾದ್ರೆ ಅಭ್ಯಾಸ ಇದೆ.”

ಅವತ್ತು ಚೊಂಬು ಸಾಲದೆ ಬಿಂದಿಗೆ ತರಬೇಕಾಯಿತಂತೆ.

ಇಂಥ ಹಾಲಿನ ಮೊಸರು ಎಷ್ಟು ಗಟ್ಟಿ ಅಂದರೆ, ಮಡಕೆ ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. ಸುದ್ದಿ ರಾಜನ ಕಿವಿಗೆ ಬಿತ್ತು. ನಾಲ್ಕು ಜನ ಭಟರು ಬಂದರು, ಚೆನ್ನಿಯ ಕೊರಳಿಗೆ ಹಗ್ಗ ಹಾಕಿದರು.

“ಅದು ಪ್ರಶ್ನೆ ಕೇಳುತ್ತೆ ಕಣ್ರಪ್ಪಾ,” ಅಂದಳು ದ್ಯಾವಮ್ಮ.

“ಅರಮನೇಲಿ ಉತ್ತರಕ್ಕೇನು ಬರವಾ?” ಅಂತ ಅವರು ಹೊಡೆದುಕೊಂಡು ಹೋದರಂತೆ.

ಮೊದಲನೆಯ ದಿನ ಅರಮನೆಯ ಗೌಳಿಗ ಬೆಳ್ಳಿ ಕೊಳಗ ಹಿಡಿದು ಕೂತ. “ರಾಜ ಬಾಯಿ ತೆರೆಯೋಕೆ ಮೊದಲೇ ನಗ್ತೀಯಲ್ಲ, ಯಾಕೆ?” ಅಂತು ಚೆನ್ನಿ. “ನಾನೆಲ್ಲಿ ನಕ್ಕೆ?” ಅಂದ. ಒದೆ.

ಎರಡನೆಯ ದಿನ ಮಂತ್ರಿ ಬಂದು ಎಮ್ಮೆಯ ಎದುರು ನಿಂತ. “ಹತ್ತು ವರ್ಷದಿಂದ ಎಲ್ಲದಕ್ಕೂ ‘ಯೋಚಿಸೋಣ’ ಅಂತೀಯ. ಯಾವತ್ತು ಯೋಚಿಸ್ತೀಯ?” ಮಂತ್ರಿ ಒಂದು ಜಾವ ಉತ್ತರ ಕೊಟ್ಟ. ಚೆನ್ನಿ ಅರ್ಧದಲ್ಲೇ ನಿದ್ದೆ ಹೋಯಿತು.

ಮೂರನೆಯ ದಿನ ರಾಜನೇ ಬಂದ, ಹಿಂದೆ ಆಸ್ಥಾನವೆಲ್ಲ ಬಂತು. ಕೊಟ್ಟಿಗೆಯಲ್ಲಿ ಮೂರು ದಿನ ಇದ್ದರೆ ಅರಮನೆಯ ವಿಷಯವೆಲ್ಲ ತಿಳಿಯುತ್ತದೆ. ಚೆನ್ನಿ ಕೇಳಿತು: “ರಾಣಿ ಮುನಿಸಿಕೊಂಡು ತೌರಿಗೆ ಹೋಗಿ ಆರು ತಿಂಗಳಾಯ್ತು. ದಿನಾ ಮಾಳಿಗೆ ಹತ್ತಿ ಆ ದಾರಿ ನೋಡ್ತೀಯ. ಒಂದು ಮಾತು ಹೇಳಿಕಳಿಸಿಲ್ಲ. ಯಾಕೆ?”

“ಅದು ರಾಜಮರ್ಯಾದೆಯ ಪ್ರಶ್ನೆ,” ಅಂದ ರಾಜ.

ಪಾಪ, ಈ ಒದೆಯನ್ನೂ ತಿಂದವನು ಕೊಳಗ ಹಿಡಿದು ಕೂತಿದ್ದ ಗೌಳಿಗನೇ.

ರಾಜನಿಗೆ ರೇಗಿತು. “ನಾಳೆ ಮಧ್ಯಾಹ್ನದೊಳಗೆ ಹಾಲು ಕೊಡಬೇಕು. ಇಲ್ಲದಿದ್ದರೆ ಮಾರಮ್ಮನಿಗೆ ಬಲಿ.”

ಸುದ್ದಿ ಕೇಳಿದ ದ್ಯಾವಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು. ನಡೆದಳು, ನಡೆದಳು, ಮಾರನೆಯ ದಿನ ಬಿಸಿಲು ನೆತ್ತಿಗೇರುವಷ್ಟರಲ್ಲಿ ಅರಮನೆ ಮುಟ್ಟಿದಳಂತೆ.

“ಏನಮ್ಮಾ, ನಿನ್ನ ಎಮ್ಮೆಗೆ ಮರ್ಯಾದೆ ಗೊತ್ತಿಲ್ಲ,” ಅಂದ ರಾಜ.

“ಇಲ್ಲ ಬುದ್ಧಿ. ಎಮ್ಮೆ ಅದು. ತಾವು ಎಲ್ಲಿ ನಿಂತು ಉತ್ತರ ಕೊಟ್ರಿ?”

“ಎದುರಿಗೇ. ಕಣ್ಣಲ್ಲಿ ಕಣ್ಣಿಟ್ಟು. ಎಲ್ಲರೂ ನೋಡ್ತಿದ್ರು.”

“ಹಂಗಾದ್ರೆ ಯಾರಿಗೆ ನಿಜ ಬರುತ್ತೆ ಬುದ್ಧಿ? ನನಗೂ ಬರಲ್ಲ. ಇವರನ್ನೆಲ್ಲ ಆಚೆ ಕಳಿಸಿ. ಕುಕ್ಕರಗಾಲಲ್ಲಿ ಕೂತು, ಹಣೆನ ಅದರ ಹೊಟ್ಟೆಗೆ ಆನಿಸಿ, ತಾವೇ ಹಿಂಡಿ. ಅದರ ಮುಖ ತಮಗೆ ಕಾಣಲ್ಲ, ತಮ್ಮ ಮುಖ ಅದಕ್ಕೆ ಕಾಣಲ್ಲ. ಕೈಗೂ ಕೆಲಸ ಇರುತ್ತೆ. ಆಮೇಲೆ ತಾನಾಗಿ ಬರುತ್ತೆ.”

“ಹಾಲಾ?”

“ಮೊದಲು ಮಾತು ಬುದ್ಧಿ. ಆಮೇಲೆ ಹಾಲು.”

ರಾಜ ಮೊಲೆ ಹಿಡಿಯುವುದು ಹೇಗೆಂದು ಕಲಿತುಕೊಂಡು, ಪೀತಾಂಬರ ಮೇಲೆ ಕಟ್ಟಿ, ಸಗಣಿಯಲ್ಲಿ ಕೂತ. ದ್ಯಾವಮ್ಮನೂ ಆಚೆ ಬಂದು ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಳು. ಅತ್ತ ಬಲಿಗೆ ಕತ್ತಿ ಮಸೆಯುತ್ತಿದ್ದರು.

ಒಳಗೆ ಚೆನ್ನಿ ಅದೇ ಪ್ರಶ್ನೆ ಕೇಳಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಆಮೇಲೂ ಏನೂ ಇಲ್ಲ. ದ್ಯಾವಮ್ಮ ಗೋಡೆಗೆ ಕಿವಿ ಹಚ್ಚಿದಳು. ಕೊನೆಗೆ ರಾಜನ ದನಿ, ಬಹಳ ಮೆಲ್ಲಗೆ, ಒಂದಕ್ಷರವೂ ತಿಳಿಯಲಿಲ್ಲ. ಅದು ನಿಂತಮೇಲೆ ಬೆಳ್ಳಿ ಕೊಳಗದ ತಳಕ್ಕೆ ಚೊರ್ ಅಂತ ಒಂದು ಸದ್ದು. ಇನ್ನೊಂದು. ಬರಬರುತ್ತಾ ಸದ್ದು ದಪ್ಪವಾಯಿತು, ನೊರೆಯಲ್ಲಿ ಮುಳುಗಿತು. ದ್ಯಾವಮ್ಮ ನಿಂತಲ್ಲೇ ಕುಸಿದು ಕೂತಳಂತೆ.

ರಾಜ ಹೊರಗೆ ಬಂದ. ಹಣೆಗೆ ಎಮ್ಮೆಯ ಕೂದಲು ಅಂಟಿತ್ತು. ಯಾರಿಗೂ ಒರೆಸುವ ಧೈರ್ಯವಾಗಲಿಲ್ಲ.

“ಕುದುರೆ ತನ್ನಿ. ರಾಣಿಯ ತೌರಿಗೆ ಹೋಗ್ತೀನಿ.”

“ಯೋಚಿಸೋಣ ಪ್ರಭು,” ಅಂದ ಮಂತ್ರಿ. ಅಷ್ಟರಲ್ಲಿ ರಾಜ ಕುದುರೆ ಹತ್ತಿ ಆಗಿತ್ತು. ಹೋಗುವವನು ಹಿಂದಿರುಗಿ ನೋಡಿ, “ಎಮ್ಮೆ ಹೊಡ್ಕೊಂಡು ಹೋಗಮ್ಮ. ನನ್ನ ವಿಷಯ ಇದಕ್ಕೆ ಬಹಳ ಗೊತ್ತಾಯ್ತು,” ಅಂದನಂತೆ.

ಮರುದಿನ ಬೆಳಿಗ್ಗೆ, ಸ್ವಂತ ಕೊಟ್ಟಿಗೆಯಲ್ಲಿ, ದ್ಯಾವಮ್ಮ ಚೊಂಬು ಹಿಡಿದು ಕೂತಳು.

“ಅಷ್ಟು ದೂರ ಬಿಸಿಲಲ್ಲಿ ನಡ್ಕೊಂಡು ಬಂದೆಯಲ್ಲ ದ್ಯಾವಕ್ಕಾ,” ಅಂತು ಚೆನ್ನಿ. “ನನಗೋಸ್ಕರಾನಾ, ಹಾಲಿಗೋಸ್ಕರಾನಾ?”

ದ್ಯಾವಮ್ಮ ಅದರ ಹೊಟ್ಟೆಗೆ ಹಣೆ ಆನಿಸಿದಳು.

“ಹೊರಟಾಗ ಹಾಲಿಗೆ,” ಅಂದಳು. ಆಮೇಲೆ, “ಆ ಗೋಡೆ ಹತ್ರ ನಿಂತಾಗ, ನಿನಗೆ.”

ಚೆನ್ನಿ ಮೆಲುಕು ನಿಲ್ಲಿಸಿತು. ಆಮೇಲೆ ಮತ್ತೆ ಮೆಲುಕು ಹಾಕಿತಂತೆ, ಚೊಂಬಿಗೆ ಹಾಲು ಇಳಿಯಿತಂತೆ.

ರಾಜ ರಾಣಿ ಅಲ್ಲಿ ಮೊಸರನ್ನ ಉಂಡರು, ದ್ಯಾವಮ್ಮ ಮಾದಯ್ಯ ಇಲ್ಲಿ ಮಜ್ಜಿಗೆ ಕುಡಿದರು, ಕಥೆ ಕೇಳಿದವರು ಕೈ ತೊಳೆದುಕೊಂಡು ಏಳಿ.